ಯಾಕೆ ಹಾರಿದ ಎಂದು ಕೇಳುತ್ತಿದ್ದವರು

ಸೋಮವಾರ ಬೆಳಿಗ್ಗೆ ಕಂಪನಿಯ ವ್ಯಾನಿನಲ್ಲಿ ಅವರ ಪಕ್ಕದ ಸೀಟು ಖಾಲಿಯೇ ಇರುತ್ತಿತ್ತು. ಒಂಟಿಕೊಪ್ಪಲಿನಲ್ಲಿ ಅವರು ಹತ್ತಿದ ಗಳಿಗೆಯಿಂದ ಹೂಟಗಳ್ಳಿಯ ಗೇಟು ಬರುವವರೆಗೆ, ಪಕ್ಕದಲ್ಲಿ ಕೂತವರು ಭಾನುವಾರದ ಸಿನಿಮಾದ ವಿಚಾರಣೆಗೆ ಹಾಜರಾಗಬೇಕಿತ್ತು. ವಿಚಾರಣೆ ಎಂದೇ ಹೇಳಬೇಕು, ಏಕೆಂದರೆ ಅವರು ಕಥೆ ಹೇಳುತ್ತಿರಲಿಲ್ಲ, ಪ್ರಶ್ನೆ ಕೇಳುತ್ತಿದ್ದರು. ಕೆಲಸಕ್ಕೆ ಸೇರಿದ ಮೊದಲ ಸೋಮವಾರ ಇದೇನೂ ಗೊತ್ತಿಲ್ಲದೆ ನಾನು ಆ ಸೀಟಿನಲ್ಲಿ ಹೋಗಿ ಕೂತೆ. ಅವರು ನನ್ನ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಕನ್ನಡಕ ತೆಗೆದು ಸೆರಗಿನ ತುದಿಯಲ್ಲಿ ಒರೆಸುತ್ತಾ, "ಒಬ್ಬನಿಗೆ ಇದ್ದಕ್ಕಿದ್ದ ಹಾಗೆ ಹಾರೋಕೆ ಬಂತು ಅಂತಿಟ್ಕೊ. ಅವನು ಯಾಕೆ ಹಾರ್ತಾನೆ?" ಎಂದರು.

ಬಸ್ಸು ಸಿಕ್ಕಿರುವುದಿಲ್ಲ, ಅದಕ್ಕೆ ಎಂದೆ. ಕಡಕೊಳದ ಹತ್ತಿರದ ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ವ್ಯಾನು ಹಿಡಿದಿದ್ದ ನನಗೆ ಬೇರೆ ಯಾವ ಕಾರಣವೂ ಹೊಳೆದಿರಲಿಲ್ಲ. ಅವರು ಬಹಳ ಹೊತ್ತು ನಕ್ಕರು. ಅಂದಿನಿಂದ ಆ ಸೀಟು ನನ್ನದಾಯಿತು.

ಫ್ಯಾಕ್ಟರಿಯಲ್ಲಿ ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆ ನಮ್ಮದು. ಅವರು ಕ್ವಾಲಿಟಿ ವಿಭಾಗದಲ್ಲಿ ಇನ್‌ಸ್ಪೆಕ್ಟರು, ನಾನು ಪ್ರೊಡಕ್ಷನ್ ವಿಭಾಗದ ಎಂಜಿನಿಯರು. ಮಾಡುವವರು ನಾವು, ತಿರಸ್ಕರಿಸುವವರು ಅವರು. ಅವರಿಗೆ ಆಗಲೇ ಐವತ್ತು ದಾಟಿತ್ತು. ಕೈಮಗ್ಗದ ಸೀರೆ, ಅದರ ಮೇಲೆ ಕಂಪನಿಯ ನೀಲಿ ಕೋಟು, ಕೋಟಿನ ಜೇಬಿನಲ್ಲಿ ಅಳತೆಯ ಉಪಕರಣ. ಸರಿಯಿಲ್ಲದ ಬಿಡಿಭಾಗ ಕೈಗೆ ಬಂದರೆ "ಇದು ಬೇಡ" ಎಂದು ಮೆಲ್ಲಗೆ ಹೇಳಿ, ಕೆಂಪು ಬಣ್ಣ ಹಚ್ಚಿ ಪಕ್ಕಕ್ಕಿಡುತ್ತಿದ್ದರು. ಮನೆಗೆ ಬಂದವರು ಇನ್ನೊಂದು ಲೋಟ ಕಾಫಿ ಬೇಡ ಎನ್ನುವ ಹಾಗೆ ಇರುತ್ತಿತ್ತು ಆ ದನಿ. ಅವರ ತಾತ ಅರಮನೆಯಲ್ಲಿ ಗಡಿಯಾರಗಳಿಗೆ ಕೀ ಕೊಡುವ ಕೆಲಸದಲ್ಲಿದ್ದರಂತೆ. "ನಮ್ಮನೇಲಿ ಯಾರಿಗೂ ಹೊತ್ತು ಗೊತ್ತು ಮಾಡೋದು ಬಿಟ್ಟು ಬೇರೇನೂ ಬರ್ತಿರ್ಲಿಲ್ಲ, ಕಣಮ್ಮ" ಎನ್ನುತ್ತಿದ್ದರು.

ಮದುವೆಯಾಗಿರಲಿಲ್ಲ. ಶಾಲಾ ಶಿಕ್ಷಕಿಯಾಗಿ ನಿವೃತ್ತರಾದ ಅಕ್ಕನೊಂದಿಗೆ ಒಂಟಿಕೊಪ್ಪಲಿನಲ್ಲಿದ್ದರು. ಅಕ್ಕ ಸಂಗೀತ ಕಚೇರಿಗಳಿಗೆ ಹೋಗುವವರು, ತಂಗಿ ಹಾರುವವರ ಸಿನಿಮಾಗಳಿಗೆ. ಇನ್ನೊಬ್ಬರಿಗೆ ಬುದ್ಧಿ ಬೆಳೆದಿಲ್ಲ ಎಂದು ಇಬ್ಬರೂ ನಂಬಿದ್ದರು. ಈ ಚಟ ಹೇಗೆ ಹತ್ತಿತು ಎಂದು ಕೇಳಿದಾಗ ಮೇಡಂ ಹೇಳಿದ್ದು ಇಷ್ಟು: ವಯಸ್ಸಿನಲ್ಲಿದ್ದಾಗ ಭಾನುವಾರ ಬಂದರೆ ಗಂಡಿನ ಕಡೆಯವರು ನೋಡಲು ಬರುತ್ತಿದ್ದರು. ತಪ್ಪಿಸಿಕೊಳ್ಳಲು ಬೆಳಗಿನ ಆಟಕ್ಕೆ ಹೋಗಿ ಕೂರುತ್ತಿದ್ದರು. ಆಮೇಲೆ ಬರುವವರು ನಿಂತರು, ಸಿನಿಮಾ ನಿಲ್ಲಲಿಲ್ಲ.

ಹೊಡೆದಾಟಗಳನ್ನು ಅವರು ನೋಡುತ್ತಲೇ ಇರಲಿಲ್ಲ. ಪರದೆಯ ಮೇಲೆ ಕಟ್ಟಡಗಳು ಉರುಳುವಾಗ ಕೈಚೀಲದಿಂದ ಕೋಡುಬಳೆ ತೆಗೆದು ಸದ್ದಾಗದಂತೆ ಮುರಿಯುತ್ತಿದ್ದರು. ಅವರಿಗೆ ಬೇಕಾದದ್ದು ಅದಕ್ಕೂ ಮುಂಚಿನ ಅರ್ಧ ಗಂಟೆ. ಸಾಮಾನ್ಯನಾಗಿದ್ದವನು ಯಾವ ಗಳಿಗೆಯಲ್ಲಿ, ಏನನ್ನು ನೆನೆದು, ತನ್ನದಲ್ಲದ ಜಗಳಕ್ಕೆ ಇಳಿದ ಎನ್ನುವುದು. ಅದನ್ನು ಸಿನಿಮಾದವರು ಸರಿಯಾಗಿ ತೋರಿಸಿದರೇ, ಇಲ್ಲವೇ ಎನ್ನುವುದು. ಬಿಡಿಭಾಗವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ ಹಾಗೆಯೇ ನಾಯಕರನ್ನೂ ನೋಡುತ್ತಿದ್ದರು.

ಅವರ ಜೊತೆ ನಾನು ನೋಡಿದ ಮೊದಲ ಸಿನಿಮಾ ನಮ್ಮವರೇ ತೆಗೆದದ್ದು. ಹಳ್ಳಿಯ ಲೈನ್‌ಮ್ಯಾನ್ ಒಬ್ಬನಿಗೆ ಕಂಬದ ಮೇಲೆ ಕರೆಂಟು ಹೊಡೆದು ಮೈಯಲ್ಲಿ ವಿದ್ಯುತ್ತು ಉಳಿದುಬಿಡುತ್ತದೆ. ತಂಗಿಯನ್ನು ಕೊಂದವರನ್ನು ಒಬ್ಬೊಬ್ಬರನ್ನಾಗಿ ಸುಡುತ್ತಾನೆ. ಜನ ಶಿಳ್ಳೆ ಹೊಡೆದರು, ನಾನೂ ಚಪ್ಪಾಳೆ ತಟ್ಟಿದೆ. ಹೊರಗೆ ಬಂದ ಮೇಲೆ ಮೇಡಂ ಹೇಳಿದರು: "ಸಿಟ್ಟಿನ ಹೀರೋನ ನಂಬಬೇಡ. ವಿಲನ್ ಸತ್ತ ಮಾರನೇ ದಿನ ಅವನಿಗೆ ಕೆಲಸ ಇರಲ್ಲ. ಪಕ್ಕದ ಊರಲ್ಲಿ ಇನ್ನೊಬ್ಬಳು ಸತ್ತರೆ ಬರ್ತಾನಾ? ಆ ಸಿನಿಮಾ ಅದನ್ನ ಕೇಳೋದೇ ಇಲ್ಲ."

ಆಮೇಲೆ ನೋಡಿದ್ದು ಹೊರದೇಶದ್ದು. ತಾನು ತಡವಾಗಿ ಹೋದದ್ದರಿಂದ ತಮ್ಮ ಸೇತುವೆಯಿಂದ ಬಿದ್ದು ಸತ್ತ ಎಂಬ ಕೊರಗಿನಲ್ಲಿ ಒಬ್ಬ ಜಗತ್ತಿನಲ್ಲಿ ಬೀಳುವವರನ್ನೆಲ್ಲ ಹಿಡಿಯುತ್ತ ಹೋಗುತ್ತಾನೆ. ನನಗೆ ಅದು ಬಹಳ ಹಿಡಿಸಿತ್ತು. ಇದು ಲೈನ್‌ಮ್ಯಾನ್‌ಗಿಂತ ಮೇಲು ಎಂದು ಅವರೂ ಒಪ್ಪಿದರು. ಕೊರಗಿಗೆ ಸಿಟ್ಟಿಗಿಂತ ಆಯಸ್ಸು ಜಾಸ್ತಿ. ಆದರೆ ಅವನು ಹಿಡಿದದ್ದು ಬೀಳುವವರನ್ನಲ್ಲ, ಪ್ರತಿ ಸಲವೂ ತನ್ನ ತಮ್ಮನನ್ನೇ ಎಂದರು. ಬಿದ್ದವರ ಮುಖವನ್ನು ಇಡೀ ಸಿನಿಮಾದಲ್ಲಿ ಒಂದು ಸಲವೂ ಸರಿಯಾಗಿ ತೋರಿಸಲಿಲ್ಲ, ನೀನು ಗಮನಿಸಿದೆಯಾ ಎಂದು ಕೇಳಿದರು. ನಾನು ಗಮನಿಸಿರಲಿಲ್ಲ. ಹೊರದೇಶದವರ ನಾಯಕ ತಾರಸಿಯ ಮೇಲೆ ಒಬ್ಬನೇ ನಿಂತು ಯೋಚಿಸುತ್ತಾನೆ, ನಮ್ಮವನು ಅಮ್ಮನ ಫೋಟೋದ ಮುಂದೆ ನಿಂತು ಯೋಚಿಸುತ್ತಾನೆ, ಇಬ್ಬರೂ ಯೋಚಿಸುವುದು ತಮ್ಮನ್ನು ಕುರಿತೇ ಎನ್ನುವುದು ಅವರ ತೀರ್ಮಾನ.

ಅವರು ಮೆಚ್ಚಿದ್ದು ಮೂರನೆಯದನ್ನು. ದೊಡ್ಡ ನಗರವೊಂದರಲ್ಲಿ ಎತ್ತರದ ಕಟ್ಟಡಗಳ ಗಾಜು ಒರೆಸುವ ಹೆಂಗಸಿಗೆ ಗಾಳಿಯಲ್ಲಿ ನಿಲ್ಲುವ ಶಕ್ತಿ ಬರುತ್ತದೆ. ಅವಳ ಅಪ್ಪ ಸತ್ತಿಲ್ಲ, ಮನೆ ಸುಟ್ಟಿಲ್ಲ, ಯಾರ ಮೇಲೂ ಹಗೆ ಇಲ್ಲ. ಕಿಟಕಿಯೊಳಗೆ ಬೆಂಕಿ ಕಾಣುತ್ತದೆ, ಒಳಗೆ ಹೋಗುತ್ತಾಳೆ, ಜನರನ್ನು ಹೊರಗೆ ತರುತ್ತಾಳೆ, ಮತ್ತೆ ಗಾಜು ಒರೆಸುತ್ತಾಳೆ. ಥಿಯೇಟರಿನಲ್ಲಿ ಹತ್ತು ಜನರೂ ಇರಲಿಲ್ಲ. ನಾಯಕಿಗೆ ಬಲವಾದ ಕಾರಣವೇ ಇಲ್ಲ ಎಂದು ವಿಮರ್ಶೆ ಬರೆದವರೆಲ್ಲ ದೂರಿದ್ದರು. ಮೇಡಂ ಮಾತ್ರ ಮೂರು ಸಲ ನೋಡಿದರು.

ವ್ಯಾನಿನಲ್ಲಿ ನಾನು ವಾದಿಸಿದೆ. ನೋವಿಲ್ಲದೆ ಯಾರೂ ಏನೂ ಮಾಡುವುದಿಲ್ಲ. ಹೊಲದ ಬದುವಿನಲ್ಲಿ ನಮ್ಮಪ್ಪನನ್ನು ಒಬ್ಬ ಅಧಿಕಾರಿ ಎಲ್ಲರೆದುರು ಹಗುರವಾಗಿ ಮಾತನಾಡಿಸಿದ್ದನ್ನು ಕಂಡೇ ನಾನು ಓದಿದ್ದು, ಇಲ್ಲದಿದ್ದರೆ ಓದುತ್ತಿರಲಿಲ್ಲ ಎಂದೆ.

"ಅದು ಶುರುವಾಗಿದ್ದಕ್ಕೆ ಕಾರಣ" ಎಂದರು ಮೇಡಂ. "ಇವತ್ತು ಬೆಳಿಗ್ಗೆ ಎದ್ದು ಬಂದ್ಯಲ್ಲ, ಅದಕ್ಕೂ ಆ ಅಧಿಕಾರಿನೇ ಕಾರಣನಾ?"

ಅಷ್ಟರಲ್ಲಿ ಹೂಟಗಳ್ಳಿಯ ಗೇಟು ಬಂತು. ಹಾಗೆ ಆರು ವರ್ಷ ಸೋಮವಾರಗಳು ಕಳೆದವು. ಗಾಜು ಒರೆಸುವವಳಂಥ ಮನುಷ್ಯರು ಇದ್ದರೆ ಅದು ಮೇಡಂ ಒಬ್ಬರೇ ಎಂದು ನಾನು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡಿದ್ದೆ.

ಇನ್ನು ಮೇಡಂ ಮಷಿನ್ ನಿಲ್ಲಿಸಿದ ದಿನದ ವಿಷಯ.

ನಮ್ಮಲ್ಲಿ ಕಬ್ಬಿಣದ ತಗಡನ್ನು ಒತ್ತಿ ಆಕಾರ ಕೊಡುವ ಪ್ರೆಸ್ ಮಷಿನ್‌ಗಳಿವೆ. ಮಷಿನ್ನಿನ ಮುಂದೆ ಎರಡು ಗುಂಡಿಗಳು, ಒಂದಕ್ಕೊಂದು ಮೊಳದಷ್ಟು ದೂರ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಭಾರ ಕೆಳಗಿಳಿಯುತ್ತದೆ. ಎರಡು ಕೈಗಳೂ ಗುಂಡಿಗಳ ಮೇಲಿದ್ದರೆ ಭಾರದ ಕೆಳಗೆ ಕೈ ಇರಲು ಸಾಧ್ಯವಿಲ್ಲ, ಅದಕ್ಕೆ ಈ ಏರ್ಪಾಡು. ಆದರೆ ಒಂದು ಗುಂಡಿಗೆ ಮರದ ಚೂರು ಸಿಗಿಸಿ ಟೇಪು ಸುತ್ತಿಬಿಟ್ಟರೆ ಅದು ಸದಾ ಒತ್ತಿಕೊಂಡೇ ಇರುತ್ತದೆ. ಆಗ ಒಂದು ಕೈ ಬಿಡುವಾಗುತ್ತದೆ, ಕೆಲಸ ಬೇಗ ಸಾಗುತ್ತದೆ. ಆ ತಿಂಗಳು ಮಾಲು ಹೆಚ್ಚು ಬೇಕಾಗಿತ್ತೆಂದು ಹಾಗೆ ಮಾಡಿಸಿದ್ದರು. ಬೆಳಗಿನ ಮೀಟಿಂಗಿನಲ್ಲಿ ಪ್ಲಾಂಟ್ ಮ್ಯಾನೇಜರ್ "ಹೇಗಾದರೂ ಮಾಡಿ, ನನಗೆ ಹೇಳಬೇಡಿ" ಎಂದಿದ್ದರು. ಆ ಮೀಟಿಂಗಿನಲ್ಲಿ ನಾನಿದ್ದೆ. ದಿನವೂ ತಪಾಸಣೆಯ ಹಾಳೆಯಲ್ಲಿ "ಎರಡೂ ಗುಂಡಿ ಸರಿಯಾಗಿವೆ" ಎಂಬ ಸಾಲಿನ ಮುಂದೆ ಗುರುತು ಹಾಕಿ ಸಹಿ ಮಾಡುತ್ತಿದ್ದವಳೂ ನಾನೇ.

ಆ ಮಷಿನ್ನಿನಲ್ಲಿ ಕೆಲಸ ಮಾಡುತ್ತಿದ್ದವಳು ಮಾದೇವಿ. ಹೂಟಗಳ್ಳಿಯ ಹೆಣ್ಣುಮಗಳು. ಈಗ ಫ್ಯಾಕ್ಟರಿ ಇರುವ ಜಾಗದಲ್ಲಿ ಅವಳ ಮಾವ ರಾಗಿ ಬೆಳೆಯುತ್ತಿದ್ದರಂತೆ. ಕೈ ಬಹಳ ಚುರುಕು.

ಹತ್ತೂವರೆಯ ಸುಮಾರಿಗೆ ಮೇಡಂ ಆ ಕಡೆ ಬಂದರು. ಅವರು ನೋಡಬೇಕಾದದ್ದು ಬಿಡಿಭಾಗಗಳನ್ನು, ಮಷಿನ್ನನ್ನಲ್ಲ. ಟೇಪು ಸುತ್ತಿದ ಗುಂಡಿ ಕಣ್ಣಿಗೆ ಬಿತ್ತು. ಕೆಂಪು ಗುಂಡಿ ಒತ್ತಿ ಮಷಿನ್ ನಿಲ್ಲಿಸಿದರು, ಕೀ ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡರು, ಒಂದು ಸ್ಟೂಲು ಎಳೆದುಕೊಂಡು ಮಷಿನ್ನಿನ ಮುಂದೆ ಕೂತರು. ಮಾಲು ಒಯ್ಯಲು ಬಂದ ಲಾರಿ ಹೊರಗೆ ಕಾಯುತ್ತಿತ್ತು. ನಾನು ಹೋಗಿ ಕೇಳಿದೆ, ಮೇಲ್ವಿಚಾರಕರು ಕೇಳಿದರು. ಅವರು "ಇದು ಬೇಡ" ಎಂದಷ್ಟೇ ಹೇಳಿದರು.

ಮ್ಯಾನೇಜರ್ ಬಂದರು. ಮೇಡಂ ಕೀ ಕೊಡದೇ ಇದ್ದಾಗ ಆಫೀಸಿನಿಂದ ಇನ್ನೊಂದು ಕೀ ತರಿಸಿ ತಾವೇ ಮಷಿನ್ ಚಾಲೂ ಮಾಡಿದರು. ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ, ಇನ್ನೊಂದು ಗುಂಡಿ ಒತ್ತದೆ ಭಾರ ಇಳಿಯುವುದೇ ಇಲ್ಲ ಎಂದು ಸುತ್ತ ನಿಂತವರಿಗೆ ವಿವರಿಸತೊಡಗಿದರು. ಭಾರದ ಕೆಳಗೆ ಮಾದೇವಿಯ ಒಂದು ಗ್ಲೌಸ್ ಉಳಿದುಹೋಗಿತ್ತು. ಅವಳು ಅದನ್ನು ತೆಗೆಯಲು ಕೈ ಚಾಚಿದಳು. ಮೇಡಂ ಕೂತಲ್ಲಿಂದಲೇ ಅವಳ ಮಣಿಕಟ್ಟು ಹಿಡಿದುಕೊಂಡರು. ಮ್ಯಾನೇಜರು ಕೈಯಲ್ಲಿದ್ದ ಫೈಲು ಅಲ್ಲಾಡಿಸುತ್ತ ಈ ಕಡೆ ತಿರುಗಿದಾಗ ಅದರ ಅಂಚು ಆ ಇನ್ನೊಂದು ಗುಂಡಿಗೆ ತಗುಲಿತು. ಭಾರ ಇಳಿದು ಮೇಲೆದ್ದಿತು. ಗ್ಲೌಸು ಕಾಗದದಷ್ಟು ತೆಳ್ಳಗಾಗಿತ್ತು.

ಮಾದೇವಿ ನೆಲದ ಮೇಲೆ ಕೂತಳು. ಮೊದಲು ಬಾಯಿ ತೆರೆದವರು ಮ್ಯಾನೇಜರೇ. "ಈ ಮರದ ಚೂರು ಸಿಗಿಸಿದ್ದು ಯಾರು?" ಎಂದು ಕೇಳಿದರು. ಕೇಳುತ್ತ ಮಾದೇವಿಯನ್ನೇ ನೋಡಿದರು.

ಹೆಡ್ ಆಫೀಸಿನಿಂದ ಇಬ್ಬರು ಬಂದು ವಿಚಾರಣೆ ನಡೆಸಿದರು. ನಿಯಮ ಮೀರಿ ಮಷಿನ್ ಬದಲಾಯಿಸಿದ್ದಕ್ಕೆ ಮಾದೇವಿಯ ಕೆಲಸ ಹೋಗುವುದು ಖಚಿತ ಎಂದು ಎಲ್ಲರೂ ಹೇಳುತ್ತಿದ್ದರು. ಅಧಿಕಾರವಿಲ್ಲದೆ ಮಷಿನ್ ನಿಲ್ಲಿಸಿದ್ದಕ್ಕೆ ಮೇಡಂಗೆ ಮೆಮೊ ಬಂದಿತ್ತು. ಅವರು ಆ ವಾರ ವ್ಯಾನಿನಲ್ಲಿ ಎಂದಿನಂತೆಯೇ ಕೂತರು, ಸಿನಿಮಾದ ಮಾತೇ ಆಡಿದರು. ನೀನು ಹೋಗಿ ಸಾಕ್ಷಿ ಹೇಳು ಎಂದು ನನಗೆ ಒಂದು ಸಲವೂ ಹೇಳಲಿಲ್ಲ. ನನ್ನ ಕಡೆ ಹಾಗೆಂದು ನೋಡಲೂ ಇಲ್ಲ.

ನಾನು ಹೇಳಿದೆ. ಮೀಟಿಂಗಿನಲ್ಲಿ ಆದ ಮಾತು, ನಮ್ಮ ವಿಭಾಗದವರೇ ಚೂರು ಸಿಗಿಸಿಕೊಟ್ಟದ್ದು, ನಾನು ಸುಳ್ಳು ಗುರುತು ಹಾಕಿದ್ದು, ಎಲ್ಲವನ್ನೂ ಬರೆದು ಕೊಟ್ಟೆ. ಮಾದೇವಿಯ ಕೆಲಸ ಉಳಿಯಿತು. ಎಲ್ಲ ಮಷಿನ್‌ಗಳಿಗೂ, ಕೈ ಅಡ್ಡ ಬಂದರೆ ತಾನೇ ನಿಲ್ಲುವ ಬೆಳಕಿನ ತಡೆ ಹಾಕಿಸಿದರು. ನನ್ನ ಬಡ್ತಿ ಮುಂದಕ್ಕೆ ಹೋಯಿತು. ಮ್ಯಾನೇಜರನ್ನು ಬೇರೆ ಊರಿಗೆ ಕಳಿಸಿದರು. ಮೇಡಂ ಅವರನ್ನು ಶಿಕ್ಷೆ ಎಂಬ ಹೆಸರಿಲ್ಲದೆ ಕಡಕೊಳದ ಘಟಕದ ಸ್ಟೋರಿಗೆ ಹಾಕಿದರು. ಅಲ್ಲಿ ಪರೀಕ್ಷಿಸಲು ಬಿಡಿಭಾಗಗಳಿರಲಿಲ್ಲ, ಪೆಟ್ಟಿಗೆಗಳಿದ್ದವು. ಅವರು ಪೆಟ್ಟಿಗೆಗಳನ್ನೂ ತಿರಸ್ಕರಿಸತೊಡಗಿದರು ಎಂದು ಕೆಲವೇ ದಿನಗಳಲ್ಲಿ ಸುದ್ದಿ ಬಂತು.

ವ್ಯಾನು ತಪ್ಪಿದ ಮೇಲೆ ನಮಗೆ ಭಾನುವಾರ ಒಂದೇ ಉಳಿಯಿತು. ಒಂದು ಭಾನುವಾರ ಆಟಕ್ಕೆ ಮುಂಚೆ ಒಂಟಿಕೊಪ್ಪಲಿನ ಹೋಟೆಲಿನಲ್ಲಿ ಸೆಟ್ ದೋಸೆ ತಿನ್ನುತ್ತಿದ್ದೆವು. ತಿಂಗಳುಗಳಿಂದ ಮುಚ್ಚಿಟ್ಟಿದ್ದನ್ನು ಅವತ್ತು ಹೊರಹಾಕಿದೆ. ಸಾಕ್ಷಿ ಹೇಳಿದ್ದಕ್ಕೆ ಜನ ನನ್ನನ್ನು ಹೊಗಳುತ್ತಿದ್ದರು. ನಿಜವೆಂದರೆ ನನ್ನ ಸಹಿಯಿದ್ದ ಹಾಳೆಗಳು ಫೈಲಿನಲ್ಲಿದ್ದವು. ಯಾರಾದರೂ ಹುಡುಕಿ ತೆಗೆಯುವ ಮೊದಲು ನಾನೇ ಹೇಳುವುದು ಮೇಲೆಂದು ಹೇಳಿದ್ದೆ.

"ಮಾದೇವಿಗೋಸ್ಕರ ಹೇಳ್ಲಿಲ್ಲ ಮೇಡಂ. ಹೆದರಿ ಹೇಳ್ದೆ" ಎಂದೆ.

"ಗೊತ್ತು" ಎಂದರು ಅವರು, ದೋಸೆ ಮುರಿಯುತ್ತ. ಚೂರನ್ನು ಚಟ್ನಿಗೆ ಅದ್ದಿ, "ನಾನು ಯಾಕೆ ನಿಲ್ಲಿಸ್ದೆ ಅಂದ್ಕೊಂಡಿದ್ದೀಯ?" ಎಂದು ಕೇಳಿದರು.

ಬೆಂಕಿ ಕಂಡದ್ದರಿಂದ ಒಳಗೆ ಹೋದಿರಿ ಎಂದೆ, ಗಾಜು ಒರೆಸುವವಳ ಹಾಗೆ. ಅವರು ತಲೆ ಅಲ್ಲಾಡಿಸಿದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬೇರೆ ಫ್ಯಾಕ್ಟರಿಯಲ್ಲಿ, ಇಂಥದೇ ಗುಂಡಿಗೆ ಬಟ್ಟೆ ಕಟ್ಟಿದ್ದನ್ನು ಅವರು ಕಂಡಿದ್ದರಂತೆ. ನನ್ನ ಕೆಲಸವಲ್ಲ ಎಂದು ಮುಂದೆ ಹೋಗಿದ್ದರು. ಎರಡು ದಿನ ಬಿಟ್ಟು ಆ ಮಷಿನ್ನಿನ ಕೆಲಸಗಾರನ ನಾಲ್ಕು ಬೆರಳು ಹೋದವು. ಆ ಮನುಷ್ಯ ಆಮೇಲೆ ಅದೇ ಫ್ಯಾಕ್ಟರಿಯಲ್ಲಿ ಚಹಾ ಕೊಡುವ ಕೆಲಸ ಮಾಡುತ್ತಿದ್ದ. ದಿನಾ ಅವನ ಕೈಯಿಂದಲೇ ಲೋಟ ತೆಗೆದುಕೊಳ್ಳಬೇಕಾಗಿತ್ತು.

"ಅಂದ್ರೆ ಸೇತುವೆ ಸಿನಿಮಾದವನು" ಎಂದೆ ನಾನು.

"ಅಷ್ಟೇ ಆಗಿದ್ರೆ ಹೇಳ್ಕೋಬಹುದಿತ್ತು ಕಣಮ್ಮ. ಇನ್ನೊಂದಿದೆ. ಮಷಿನ್ ನಿಲ್ಲಿಸ್ದ ದಿನ ಬೆಳಿಗ್ಗೆ ನಮ್ಮ ಮ್ಯಾನೇಜರ್ ನನ್ನ ಟೇಬಲ್ ತೆಗೆಸ್ದ. ಯಾರೋ ಫ್ಯಾಕ್ಟರಿ ನೋಡೋಕೆ ಬರ್ತಾರೆ, ಅಲ್ಲಿ ಬೋರ್ಡು ಹಾಕ್ಬೇಕು ಅಂತ, ಇಪ್ಪತ್ತು ವರ್ಷ ಕೂತಿದ್ದ ಟೇಬಲ್ಲನ್ನ ಗಡಗಡ ಅನ್ನೋ ಕಂಪ್ರೆಸರ್ ರೂಮಿನ ಪಕ್ಕ ತಳ್ಳಿಸಿದ್ದ. ನನ್ನ ಒಂದು ಮಾತು ಕೇಳ್ಲಿಲ್ಲ. ಕೂರೋಕೆ ಜಾಗ ಇಲ್ಲದೆ ಆ ಕಡೆ ಈ ಕಡೆ ಓಡಾಡ್ತಿದ್ದೆ. ಇಲ್ದಿದ್ರೆ ಆ ಹೊತ್ತಲ್ಲಿ ನಾನ್ಯಾಕೆ ಪ್ರೆಸ್ ಹತ್ರ ಬರ್ಲಿ? ಗುಂಡಿ ನೋಡ್ದಾಗ ಮೊದಲು ಬಂದಿದ್ದು ಬೆರಳಿನ ಯೋಚನೆ ಅಲ್ಲ. ಸಿಕ್ಕಿಬಿದ್ದ ಅನ್ನೋ ಯೋಚನೆ."

ಅವರ ಮುಖ ಕೆಂಪಾಗಿತ್ತು. ಅಷ್ಟು ವರ್ಷಗಳಲ್ಲಿ ಅವರು ನಾಚಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ. ಸಿಟ್ಟು ಎಷ್ಟು, ಕೊರಗು ಎಷ್ಟು, ಮಾದೇವಿ ಎಷ್ಟು ಎಂದು ತಮಗೇ ಗೊತ್ತಿಲ್ಲ ಎಂದರು. ಸಿನಿಮಾದವರಿಗೆ ಎರಡೂವರೆ ಗಂಟೆ ಸಮಯ, ಒಂದೇ ಕಾರಣ ಕೊಟ್ಟು ಕಳಿಸುತ್ತಾರೆ, ಅದನ್ನು ನೋಡಿ ನೋಡಿ ನಾವೂ ನಮ್ಮೊಳಗೆ ಒಂದೇ ಕಾರಣ ಹುಡುಕುತ್ತೇವೆ ಎಂದರು. ಆಮೇಲೆ ಕಾಫಿ ತರಿಸಿದರು. ಆಟಕ್ಕೆ ತಡವಾಯಿತು. ಮೊದಲ ಅರ್ಧ ಗಂಟೆ ತಪ್ಪಿಹೋದದ್ದರಿಂದ ಆ ನಾಯಕ ಯಾಕೆ ಹಾರುತ್ತಿದ್ದ ಎಂದು ನಮಗಿಬ್ಬರಿಗೂ ಗೊತ್ತಾಗಲಿಲ್ಲ. ಆದರೂ ಚೆನ್ನಾಗಿತ್ತು.

ನಿವೃತ್ತರಾದ ಮೇಲೆ ಅವರು ಒಂದು ವರ್ಷವೂ ಇರಲಿಲ್ಲ. ಒಂದು ಬೆಳಿಗ್ಗೆ ಎದೆನೋವು ಎಂದರು, ಆಸ್ಪತ್ರೆ ಸೇರುವಷ್ಟರಲ್ಲಿ ಮುಗಿದಿತ್ತು. ವೈಕುಂಠ ಸಮಾರಾಧನೆಗೆ ಅಕ್ಕ ಫ್ಯಾಕ್ಟರಿಯವರನ್ನೂ ಕರೆದಿದ್ದರು. ಪಂಕ್ತಿಯಲ್ಲಿ ನನ್ನ ಪಕ್ಕ ಮಾದೇವಿ ಕೂತಳು. ಈಗ ಅವಳು ಲೈನಿನ ಮುಖ್ಯಸ್ಥೆ, ಹೊಸದಾಗಿ ಬಂದವರಿಗೆ ಕೆಲಸ ಕಲಿಸುತ್ತಾಳೆ. ಎಲೆಗೆ ನೀರು ಚಿಮುಕಿಸುತ್ತ, ಯಾರಿಗೂ ಹೇಳಿರದ ಒಂದು ಮಾತು ಇದೆ ಎಂದಳು.

"ನಂಗೆ ಅವರ ಮೇಲೆ ಒಂದು ವರ್ಷ ಸಿಟ್ಟಿತ್ತು ಕಣಕ್ಕ. ಕೈ ಇಡ್ಕೊಂಡಿದ್ದು ಸರಿ. ಆದ್ರೆ ಮಷಿನ್ ನಿಲ್ಸಿದ್ದಕ್ಕೇ ಅಲ್ವಾ ಎಲ್ಲರೂ ಬಂದಿದ್ದು, ನನ್ನ ಕಳ್ಳಿ ತರ ನೋಡಿದ್ದು. ಅವರು ಸುಮ್ಕಿದ್ದಿದ್ರೆ ಏನೂ ಆಗ್ತಿರ್ಲಿಲ್ಲ ಅನ್ಕೊಂಡಿದ್ದೆ. ನಮ್ಮನೇವ್ರೂ ಅಂಗೇ ಅಂದ್ರು. ಎದುರಿಗೆ ಸಿಕ್ಕಿದ್ರೆ ಮುಖ ತಿರುಗಿಸ್ತಿದ್ದೆ. ಆಮೇಲೆ ಕಡಕೊಳದಲ್ಲಿ ಬೇರೆ ಕಂಪ್ನೀಲಿ ಇಂಗೇ ಒಬ್ಬಳದ್ದು ಬೆರಳು ಓಯ್ತು ಅಂತ ಕೇಳ್ದಾಗ ಗೊತ್ತಾಯ್ತು."

ಕಾಪಾಡಿದವರ ಮೇಲೆ ಕಾಪಾಡಿಸಿಕೊಂಡವರಿಗೆ ಸಿಟ್ಟಿದ್ದ ಸಿನಿಮಾವನ್ನು ಮೇಡಂ ಆಗಲಿ ನಾನಾಗಲಿ ನೋಡಿರಲಿಲ್ಲ. ಮೇಡಂ ಇದನ್ನು ಕೇಳಬೇಕಿತ್ತು ಅನ್ನಿಸಿತು. ಮನಸ್ಸು ತಡೆಯದೆ ನಾನು ಮಾದೇವಿಗೆ ಟೇಬಲ್ಲಿನ ವಿಷಯ ಹೇಳಿಬಿಟ್ಟೆ. ಸತ್ತವರ ಮನೆಯಲ್ಲಿ ಹೇಳುವ ಮಾತೋ ಅಲ್ಲವೋ ಎಂಬ ಅಳುಕಿನಲ್ಲಿ ದನಿ ತಗ್ಗಿಸಿ, ಅವರು ಹೇಳಿದ್ದನ್ನು ಹೇಳಿದಂತೆಯೇ ಹೇಳಿದೆ. ಅಕ್ಕ ಪಾಯಸದ ಪಾತ್ರೆ ಹಿಡಿದು ನಮ್ಮ ಎದುರಿಗೇ ನಿಂತಿದ್ದರು, ಅವರಿಗೂ ಕೇಳಿಸಿತು.

ಮಾದೇವಿ ಅನ್ನ ಕಲಸುವುದನ್ನು ನಿಲ್ಲಿಸಿದಳು. "ಟೇಬಲ್ಲಿಗಾ?" ಎಂದಳು.

"ಅದೂ ಒಂದು" ಎಂದೆ.

ಅವಳು ಬಾಗಿ ನಗತೊಡಗಿದಳು. ಎಡಗೈಯಲ್ಲಿ ಬಾಯಿ ಮುಚ್ಚಿಕೊಂಡಳು, ಕಣ್ಣಲ್ಲಿ ನೀರು ಬಂತು, ಆಚೆ ಈಚೆಯವರು ತಿರುಗಿ ನೋಡಿದರು. ಅಕ್ಕನೂ ಸೌಟು ಹಿಡಿದುಕೊಂಡೇ ನಗುತ್ತಿದ್ದರು. ಉಸಿರು ಹದಕ್ಕೆ ಬಂದ ಮೇಲೆ ಮಾದೇವಿ ಬಲಗೈಯನ್ನು ಮತ್ತೆ ಅನ್ನಕ್ಕೆ ಹಾಕಿ, ಮನಸಾರೆ ಹೇಳಿದಳು:

"ಆ ಟೇಬಲ್ ತೆಗ್ಸಿದೋರು ಎಲ್ಲಿದ್ರೂ ಚೆನ್ನಾಗಿರ್ಲಿ ಬುಡಿ."